ಅಪ್ಪ ‘ಗೊತ್ತಿಲ್ಲ’ ಎನ್ನಲು ಕಲಿತದ್ದು

ನನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ, ಪ್ರಶ್ನೆ ಕೇಳುವುದು ಎನ್ನುತ್ತೇನೆ. ಹಾಗಾದರೆ ಪೊಲೀಸರಾ, ಪತ್ರಿಕೆಯವರಾ ಎಂದು ಅವರ ಮುಂದಿನ ಪ್ರಶ್ನೆ ಬರುತ್ತದೆ. ಎರಡೂ ಅಲ್ಲ. ಧಾರವಾಡದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತ, ನಲವತ್ತರ ಹತ್ತಿರ ಬಂದ ಮೇಲೆ ಪಿಎಚ್‌ಡಿ ಮಾಡುವ ಹುಕಿ ಹತ್ತಿದವಳು ನಾನು. ಆಯ್ದುಕೊಂಡ ವಿಷಯ ಇಷ್ಟೇ: ಒಂದು ಘಟನೆಯನ್ನು ಕಣ್ಣಾರೆ ಕಂಡವರನ್ನು ಯಾವ ರೀತಿ ಕೇಳಿದರೆ ಹೆಚ್ಚು ನೆನಪಾಗುತ್ತದೆ, ನೆನಪಾದದ್ದರಲ್ಲಿ ಎಷ್ಟು ಖರೆ, ಎಷ್ಟು ಅವರೇ ಹೊಸೆದದ್ದು. ಕೇಳಲು ಸುಲಭವಾಗಿ ಕಾಣುತ್ತದೆ. ಮಾಡಲು ಹೋದಾಗ ಒಂದು ದೊಡ್ಡ ತೊಡಕು ಎದುರಾಯಿತು. ನಮ್ಮ ಊರಿನ ಜನ ಬಹಳ ಒಳ್ಳೆಯವರು.

ಒಳ್ಳೆಯತನ ಸಂಶೋಧನೆಗೆ ಹೇಗೆ ಅಡ್ಡ ಬರುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಒಂದು ಸಭಾಂಗಣದಲ್ಲಿ ಮೊಣಕಾಲು ನೋವಿನ ಬಗ್ಗೆ ಭಾಷಣ ಇಡುತ್ತಿದ್ದೆವು. ಮೊಣಕಾಲು ನೋವು ಎಂದರೆ ಧಾರವಾಡದಲ್ಲಿ ಕರೆಯದಿದ್ದರೂ ಜನ ಸೇರುತ್ತಾರೆ. ಇದೊಂದು ಅಧ್ಯಯನದ ಭಾಗ ಎಂದಷ್ಟೇ ಹೇಳಿ ಅವರ ಒಪ್ಪಿಗೆ ಪಡೆದಿರುತ್ತಿದ್ದೆವು. ಭಾಷಣದ ನಡುವೆ ಒಬ್ಬ ಹೆಂಗಸು, ಒಬ್ಬ ಗಂಡಸು ಸ್ಟೂಲು ಹಿಡಿದು ಒಳಗೆ ಬಂದು, ಗೋಡೆಯ ಗಡಿಯಾರ ಇಳಿಸಿ, ರಿಪೇರಿಗೆ ಹೇಳಿದ್ದು ಇದೋ ಬೇರೆಯದೋ ಎಂದು ತಮ್ಮತಮ್ಮಲ್ಲೇ ವಾದಿಸಿ, ಕೊನೆಗೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋಗುತ್ತಿದ್ದರು. ಇಬ್ಬರೂ ನಾವೇ ಕರೆಸಿದ ಹವ್ಯಾಸಿ ನಾಟಕದವರು. ಮೂಲೆಯಲ್ಲಿದ್ದ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗುತ್ತಿತ್ತು. ಮೂರು ದಿನ ಬಿಟ್ಟು, ಅದನ್ನು ಕಂಡವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸುವುದು ನನ್ನ ಕೆಲಸ.

ಅರ್ಧ ಜನರಿಗೆ ಪಟ್ಟಿಯ ಪ್ರಶ್ನೆಗಳು. ಬಂದವರೆಷ್ಟು? ಅಂಗಿಯ ಬಣ್ಣ ಯಾವುದು? ಎಷ್ಟು ಹೊತ್ತು ಇದ್ದರು? ಇನ್ನರ್ಧ ಜನರಿಗೆ ಬೇರೆ ಪದ್ಧತಿ. ಅವರನ್ನು ಆರಾಮಾಗಿ ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಆ ಸಭಾಂಗಣಕ್ಕೆ ಮನಸ್ಸಿನಲ್ಲೇ ಹಿಂದಿರುಗಿ ಹೋಗಲು ಬಿಡಬೇಕು. ಎಲ್ಲಿ ಕೂತಿದ್ದಿರಿ, ಫ್ಯಾನಿನ ಸದ್ದು ಹೇಗಿತ್ತು, ಪಕ್ಕದಲ್ಲಿ ಯಾರಿದ್ದರು ಎಂಬಲ್ಲಿಂದ ಸುರು. ಆಮೇಲೆ ಕಂಡದ್ದು, ಕೇಳಿದ್ದು, ಮುಖ್ಯವಲ್ಲ ಅನ್ನಿಸಿದ್ದು, ಎಲ್ಲವನ್ನೂ ಅವರಿಗೆ ತಿಳಿದ ಹಾಗೆ ಹೇಳಬೇಕು. ಮುಗಿದ ಮೇಲೆ ಅದನ್ನೇ ಕೊನೆಯಿಂದ ಮೊದಲಿಗೆ ಇನ್ನೊಮ್ಮೆ ಹೇಳಬೇಕು. ಕೇಳುವವಳು ಬಾಯಿ ಮುಚ್ಚಿಕೊಂಡು ಕೂರಬೇಕು. ಮಾತಿನ ನಡುವೆ ಮಾತು ಸೇರಿಸದಿದ್ದರೆ ಅನ್ನ ಅರಗದ ನನ್ನಂಥವಳಿಗೆ ಈ ಕಡೆಯ ನಿಯಮವೇ ಎಲ್ಲಕ್ಕಿಂತ ಕಠಿಣವಾಗಿತ್ತು.

ಈಗ ಒಳ್ಳೆಯತನದ ಮಾತಿಗೆ ಬರುತ್ತೇನೆ. ಪರೀಕ್ಷೆಗೆಂದು ನಾನು ಒಂದು ಕಳ್ಳ ಪ್ರಶ್ನೆ ಸೇರಿಸಿದ್ದೆ: ಗಡಿಯಾರ ಇಳಿಸಿದವನ ಟೋಪಿಯ ಬಣ್ಣ ಯಾವುದು? ಅವನ ತಲೆಯ ಮೇಲೆ ಟೋಪಿಯೇ ಇರಲಿಲ್ಲ. ಆದರೂ ಯಾರೂ ನನ್ನನ್ನು ಬರಿಗೈಲಿ ಕಳಿಸಲಿಲ್ಲ. ಒಬ್ಬರು ಬಿಳಿ ಎಂದರು. ಇನ್ನೊಬ್ಬರು ಬಿಳಿಯೇ, ಆದರೆ ಸ್ವಲ್ಪ ಮಾಸಿದ್ದು ಎಂದರು. ನಿವೃತ್ತ ನರ್ಸ್ ಒಬ್ಬರು ನನ್ನ ಮುಖವನ್ನೇ ಕರುಣೆಯಿಂದ ನೋಡಿ, “ನಿನಗ ಯಾವ ಬಣ್ಣ ಆದ್ರ ಛಲೋ ಆಕ್ಕೈತಿ ಹೇಳವಾ, ಅದನ್ನ ಹೇಳತೇನಿ,” ಎಂದರು. ಕೇಳಲು ಬಂದವರಿಗೆ ಗೊತ್ತಿಲ್ಲ ಎನ್ನುವುದು, ಮನೆಗೆ ಬಂದವರಿಗೆ ಚಹಾ ಇಲ್ಲ ಎಂದ ಹಾಗೆ. ನಮ್ಮ ಕಡೆಯವರ ಬಾಯಲ್ಲಿ ಅದು ಬರುವುದೇ ಇಲ್ಲ.

ಚಹಾ ಎಂದ ಕೂಡಲೆ ಇನ್ನೊಂದು ಪೆದ್ದುತನ ನೆನಪಾಗುತ್ತದೆ. ಮೊದಲ ದಿನ ಬಂದವರನ್ನೆಲ್ಲ ವರಾಂಡದಲ್ಲಿ ಕೂರಿಸಿ ಚಹಾ, ಒಗ್ಗರಣೆ ಅವಲಕ್ಕಿ ಕೊಟ್ಟೆ. ಮರ್ಯಾದೆ ಅಲ್ಲವೇ. ಅವಲಕ್ಕಿ ತಿನ್ನುತ್ತ ಅವರು ಗಡಿಯಾರದ ಕಥೆಯನ್ನು ಚೆನ್ನಾಗಿ ಚರ್ಚಿಸಿ, ಎಲ್ಲರಿಗಿಂತ ಹಿರಿಯರು ಏನು ಹೇಳಿದರೋ ಅದಕ್ಕೆ ಒಪ್ಪಿ, ಒಂದೇ ಸಾಕ್ಷ್ಯವನ್ನು ಹೊತ್ತು ಒಬ್ಬರ ಹಿಂದೆ ಒಬ್ಬರು ಒಳಗೆ ಬಂದರು. ಎಲ್ಲರೂ ನೋಡಿದ್ದು ಕರೀ ಚೀಲ. ಚೀಲ ನಿಜವಾಗಿ ಕೆಂಪು. ಅಂದು ನನ್ನ ಗೈಡ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಸಿಟ್ಟು ಬಂದರೆ ಅಷ್ಟೇ ಮಾಡುತ್ತಾರೆ. “ಚಾ ಆಮ್ಯಾಲೆ ಕೊಡವಾ,” ಎಂದರು. ನಾನು ಹಾಗೇ ಮಾಡಿದೆ. ಚಹಾ ಇಲ್ಲದೆ ಮಾತಿಗೆ ಕೂರಿಸುತ್ತಾಳೆ ಎಂಬ ಕೆಟ್ಟ ಹೆಸರು ಇವತ್ತಿಗೂ ನನ್ನ ಮೇಲಿದೆ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ ಎಂದು ಮೊದಲೇ ಓದಿ ಹೇಳಿದರೂ ಉಪಯೋಗವಾಗಲಿಲ್ಲ. ಜನ ತಲೆಯಾಡಿಸಿ, ಆಮೇಲೆ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದರು. ಆ ಮಾತನ್ನು ಅವರ ಬಾಯಿಗೆ ರೂಢಿ ಮಾಡಿಸಬೇಕು ಎನ್ನಿಸಿತು. ಯಾರಿಗೂ ಉತ್ತರ ತಿಳಿದಿರಲಾರದ ಮೂರು ಪ್ರಶ್ನೆ ಕೇಳಿ, ಮೂರು ಸಲ ಗೊತ್ತಿಲ್ಲ ಅನ್ನಿಸುವುದು ಎಂದು ಗೊತ್ತುಮಾಡಿದೆ. ಮೊದಲ ಪ್ರಶ್ನೆ, ನಾನು ಬೆಳಿಗ್ಗೆ ಏನು ನಾಷ್ಟಾ ಮಾಡಿದೆ? “ಉಪ್ಪಿಟ್ಟು,” ಎಂದರು ಒಬ್ಬ ಅಜ್ಜ, ತಡವಿಲ್ಲದೆ. ಉಪ್ಪಿಟ್ಟೇ ತಿಂದಿದ್ದೆ. ಆ ಪ್ರಶ್ನೆ ತೆಗೆದು, ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಎಷ್ಟು ಪೆನ್ನುಗಳಿವೆ ಎಂಬುದನ್ನು ಹಾಕಿದೆ. ಅದು ಕೆಲಸ ಮಾಡಿತು. ಒಮ್ಮೆ ಗೊತ್ತಿಲ್ಲ ಎಂದು ನಗಾಡಿದವರು ಆಮೇಲೆ ಟೋಪಿಯ ಪ್ರಶ್ನೆಗೂ, ಟೋಪಿ ಎಲ್ಲಿತ್ತವಾ, ನನಗಂತೂ ಕಾಣಲಿಲ್ಲ ಎನ್ನತೊಡಗಿದರು. ಆ ಸಂಜೆ ಖುಷಿಗೆ ಪಾವು ಕಿಲೋ ಧಾರವಾಡ ಪೇಡೆ ಕೊಂಡು ಮನೆಗೆ ಹೋದೆ.

ಅಪ್ಪನಿಗೆ ಪೇಡೆ ಕೊಡುತ್ತ ಇದನ್ನೆಲ್ಲ ವರ್ಣಿಸಿದರೆ ಅವರು ನಕ್ಕರು. ಅಪ್ಪ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. “ಮಾಸ್ತರ ಆದಾಂವ ಕ್ಲಾಸಿನ್ಯಾಗ ಒಮ್ಮೆ ಗೊತ್ತಿಲ್ಲ ಅಂದ್ರ ಮುಗೀತು ನೋಡು. ಮರುದಿನದಿಂದ ಹುಡುಗೂರು ಮಾತ ಕೇಳೂದಿಲ್ಲ,” ಎಂದರು. ಆ ರೂಢಿಯನ್ನು ಅವರು ನಿವೃತ್ತಿಯ ಮೇಲೂ ಬಿಡಲಿಲ್ಲ. ಸೊಲ್ಲಾಪುರದ ಬಸ್ಸು ಎಷ್ಟಕ್ಕೆ, ಬಟಾಟೆಯ ದರ ಯಾಕೆ ಏರಿದೆ, ಎದುರು ಮನೆಯ ಬಾಡಿಗೆಯವರು ಯಾವ ಊರಿನವರು, ಎಲ್ಲದಕ್ಕೂ ಅವರಲ್ಲಿ ಉತ್ತರ ಇರುತ್ತಿತ್ತು. ನನಗೆ ಅದೆಲ್ಲ ಮುದ್ದಾಗಿಯೇ ಕಾಣುತ್ತಿತ್ತು, ಆ ಮಂಗಳವಾರದ ತನಕ.

ಮಂಗಳವಾರ ಬೆಳಗಿನ ವಾಕಿಂಗಿನಿಂದ ಅಪ್ಪ ಒಂದು ತಾಸು ತಡವಾಗಿ ಬಂದರು. ಚಪ್ಪಲಿಯೆಲ್ಲ ರಾಡಿ. ನಮ್ಮ ಮನೆಯ ಹತ್ತಿರದ ತಿರುವಿನಲ್ಲಿ, ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ತಪ್ಪಲು ಪಲ್ಯೆ ಮಾರುವ ಅಜ್ಜಿಗೆ ಹಿಂದಿನಿಂದ ಗಾಡಿಯೊಂದು ತಾಗಿ, ನಿಲ್ಲದೆ ಹೋಗಿತ್ತು. ಅಜ್ಜಿಯ ಹಿಮ್ಮಡಿಯ ಎಲುಬು ಬಿರುಕು ಬಿಟ್ಟಿತ್ತು. ಅಪ್ಪ ಅವಳನ್ನು ಎಬ್ಬಿಸಿ, ಸ್ಕೂಟರಿನವರೊಬ್ಬರನ್ನು ನಿಲ್ಲಿಸಿ ಆಸ್ಪತ್ರೆಗೆ ಕಳಿಸಿದ್ದರು. ಹೊರಡುವ ಮೊದಲೇ ಪೊಲೀಸರು ಬಂದು ಅಜ್ಜಿಯನ್ನು ಕೇಳಿದಾಗ, “ಬೆನ್ನಿಗೆ ಕಣ್ಣದಾವೇನ್ರಿ ನನಗ? ಏನೂ ಕಾಣಲಿಲ್ಲ,” ಎಂದಳಂತೆ. ಆಮೇಲೆ ಅಪ್ಪನನ್ನು ಕೇಳಿದರು. ಅಪ್ಪ ಹೇಳಿದರು: ಆಟೋ, ಹಿಂದುಗಡೆ ನವಿಲಿನ ಚಿತ್ರ ಇತ್ತು.

ಆ ತಿರುವಿನ ಆಟೋ ಸ್ಟ್ಯಾಂಡಿನಲ್ಲಿ ನವಿಲಿನ ಚಿತ್ರವಿದ್ದ ಗಾಡಿ ಒಂದೇ. ಮಧ್ಯಾಹ್ನದೊಳಗೆ ಅದು ಠಾಣೆಯ ಅಂಗಳದಲ್ಲಿ ನಿಂತಿತ್ತು.

ಮರುದಿನ ಬೆಳಿಗ್ಗೆ ಅದರ ಡ್ರೈವರ್ ನಮ್ಮ ಮನೆಗೆ ಬಂದ. ಮೂವತ್ತರ ಆಸುಪಾಸಿನ ಯುವಕ. ನನ್ನನ್ನು ಎಷ್ಟೋ ಸಲ ಕಾಲೇಜಿಗೆ ಬಿಟ್ಟವನು. ಜಗಳ ತೆಗೆಯುತ್ತಾನೆ ಎಂದು ನಾನು ಸೀರೆಯ ಸೆರಗು ಬಿಗಿದುಕೊಂಡು ಬಾಗಿಲಿಗೆ ಹೋದೆ. ಅವನು ಚಪ್ಪಲಿ ಬಿಟ್ಟು, ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ಅಪ್ಪನ ಎದುರು ಕೈ ಕಟ್ಟಿ ನಿಂತ. “ಸರ್, ಎಂಟನೇ ಕ್ಲಾಸಿನ್ಯಾಗ ನಿಮ್ಮ ಕಡೆನ ಲೆಕ್ಕ ಕಲ್ತೇನ್ರಿ,” ಎಂದ. ಆಮೇಲೆ, “ನೀವು ಹೇಳೀರಿ ಅಂದ್ಮ್ಯಾಲೆ ಖರೇನ ಇರಬೇಕ್ರಿ. ಆದ್ರ ನಾ ಅಲ್ಲಿ ಇರಲಿಲ್ಲರಿ, ಸರ್,” ಎಂದ.

ಆ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳುವವರು ನಮ್ಮ ಊರಿನ ಹೊರಗೆ ಸಿಗುತ್ತಾರೋ ಇಲ್ಲವೋ ನಾನು ಕಾಣೆ. ಗುರುಗಳು ತಪ್ಪು ಹೇಳಿದ್ದಾರೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತಾನು ತಪ್ಪು ಮಾಡಿಲ್ಲ ಎನ್ನುವುದನ್ನೂ ಬಿಡುವಂತಿರಲಿಲ್ಲ. ಆಟೋ ಇಲ್ಲದೆ ಅವನ ಮನೆ ನಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುದುಕಿಯನ್ನು ಕೆಡವಿ ಓಡಿಹೋದವನು ಎಂದು ಸ್ಟ್ಯಾಂಡಿನಲ್ಲಿ ಗೆಳೆಯರೇ ಮುಖ ತಿರುಗಿಸಿದ್ದರು. ಅವ್ವ ಅವನಿಗೆ ಚಹಾ ತಂದು ಕೊಟ್ಟಳು. ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಹೊರಟುಹೋದ.

“ಅಪ್ಪಾ, ನೀವು ಖರೇ ಆ ನವಿಲು ನೋಡೀರೇನ್ರಿ?” ಎಂದು ಕೇಳಿದೆ.

“ನೋಡೇನಿ. ಈಗೂ ಕಣ್ಣ ಮುಂದ ಐತಿ,” ಎಂದರು. ಸುಳ್ಳು ಹೇಳುವವರ ದನಿಯಲ್ಲ ಅದು. ಅವರಿಗೆ ಅದು ನಿಜವಾಗಿಯೂ ಕಾಣುತ್ತಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೇ. ಮಾಸಿದ ಬಿಳಿ ಟೋಪಿಯನ್ನು ಕಂಡವರ ದನಿಯೂ ಹೀಗೇ ಇತ್ತು.

ಗೈಡ್ ಸರ್‌ಗೆ ಫೋನು ಮಾಡಿ, ಅಪ್ಪನನ್ನು ನಮ್ಮ ಪದ್ಧತಿಯಲ್ಲಿ ಕೇಳಿದರೆ ಹೇಗೆ ಎಂದೆ. ಆ ಕಡೆ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. “ಖರೇ ಹೇಳಬೇಕಂದ್ರ ನೀ ಕೇಳಬಾರದು. ನಿನಗ ಬೇಕಾದ ಉತ್ತರ ಯಾವುದಂತ ನಿನಗ ಗೊತ್ತೈತಿ,” ಎಂದರು. ಆಮೇಲೆ, “ಕೇಳಿದ್ರ, ಹಾಳಿಯೊಳಗ ಬರದದ್ದಷ್ಟ ಓದು. ಒಂದ ಮಾತು ಹೆಚ್ಚಿಗಿ ಆಡಬ್ಯಾಡ. ರೆಕಾರ್ಡ್ ಮಾಡಿ ನನಗ ಕಳಸು. ನೀ ಎಲ್ಲೆ ಎಳದಿ, ಎಲ್ಲೆ ನೂಕಿದಿ ಅಂತ ನಾ ನೋಡತೇನಿ,” ಎಂದರು.

ಅಪ್ಪನನ್ನು ಒಪ್ಪಿಸಲು ಒಂದು ದಿನ ಹಿಡಿಯಿತು. ಮಗಳ ಎದುರು ಪರೀಕ್ಷೆಗೆ ಕೂರುವುದು ಅವರಿಗೆ ಒಗ್ಗದ ಮಾತು. ಕೊನೆಗೆ ಅವ್ವನೇ, “ಆ ಹುಡುಗ ಲೋಟಾ ತೊಳದ ಇಟ್ಟ ಹೋದದ್ದು ನನಗ ನುಂಗಲಾಗವಲ್ದು. ಕೂಡ್ರಿ ಒಮ್ಮೆ,” ಎಂದಳು. ಅಪ್ಪ ಕೂತರು.

ಶುಕ್ರವಾರ ಬೆಳಿಗ್ಗೆ, ಪಡಸಾಲೆಯಲ್ಲಿ, ಅವರ ಆರಾಮ ಕುರ್ಚಿಯಲ್ಲೇ ಕೂರಿಸಿದೆ. ಮೊದಲು ರೂಢಿಯ ಮೂರು ಪ್ರಶ್ನೆ. ನನ್ನ ಬ್ಯಾಗಿನಲ್ಲಿ ಎಷ್ಟು ಪೆನ್ನುಗಳಿವೆ? ಅಪ್ಪ ನನ್ನ ಬ್ಯಾಗು ನೋಡಿದರು, ನನ್ನನ್ನು ನೋಡಿದರು. “ಮೂರು ಇರಬೇಕು,” ಎಂದರು. ಇರಬೇಕು ಬೇಡ ಅಪ್ಪಾ, ಎಂದೆ. “ಎರಡರಿಂದ ನಾಕರ ನಡುವ,” ಎಂದರು. ಒಳಗಿನಿಂದ ಅವ್ವ, “ಗೊತ್ತಿಲ್ಲ ಅಂತ ಅನ್ರಿ. ಹಲ್ಲೇನ ಉದರೂದಿಲ್ಲ,” ಎಂದಳು. ನಾನು ನಗು ತಡೆಯಲಾಗದೆ ರೆಕಾರ್ಡರ್ ಬಂದ್ ಮಾಡಿ ಮತ್ತೆ ಹಚ್ಚಬೇಕಾಯಿತು. ಎರಡನೇ ಪ್ರಶ್ನೆಗೆ ಅಪ್ಪ ಕಷ್ಟಪಟ್ಟು, ಗಂಟಲು ಸರಿಮಾಡಿಕೊಂಡು, “ಗೊತ್ತಿಲ್ಲ,” ಎಂದರು. ಮೂರನೆಯದಕ್ಕೆ ಸ್ವಲ್ಪ ಹಗುರಾಗಿ ಬಂತು.

ಆಮೇಲೆ ಕಣ್ಣು ಮುಚ್ಚಿಸಿ, ಆ ಬೆಳಗಿಗೆ ಹೋಗಲು ಬಿಟ್ಟೆ. ಅಪ್ಪ ಸುರುಮಾಡಿದರು. ಥಂಡಿ ಇತ್ತು, ಮಫ್ಲರ್ ಕಟ್ಟಿದ್ದೆ. ಇಡ್ಲಿ ಅಂಗಡಿಯವ ನೀರು ಹೊಡೆದು ಕಸ ಗುಡಿಸುತ್ತಿದ್ದ. ಬುಟ್ಟಿಯಲ್ಲಿ ಮೆಂತೆ, ರಾಜಗಿರಿ, ಸಬ್ಬಸಗಿ ಇತ್ತು. ಆಟೋ ಜೋರಾಗಿ ಬಂತು, ಅಜ್ಜಿಗೆ ತಾಗಿತು, ಹಿಂದೆ ನವಿಲು ಇತ್ತು, ಹೋಯಿತು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅದು ಅವನ ಆಟೋ ಅಲ್ಲ ತಾನೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಬಂದು ನಿಲ್ಲುತ್ತಿತ್ತು. ಹೇಳಿಬಿಟ್ಟಿದ್ದರೆ ಎಲ್ಲವೂ ಕೆಡುತ್ತಿತ್ತು. ಹಾಳೆಯಲ್ಲಿ ಬರೆದದ್ದನ್ನೇ ಓದಿದೆ: ಈಗ ಕೊನೆಯಿಂದ ಹಿಂದಕ್ಕೆ ಹೇಳಿರಿ.

“ಕೊನೀಗೆ ಮನೀಗೆ ಬಂದೆ. ಚಪ್ಪಲಿ ರಾಡಿ ಆಗಿತ್ತು, ನಿಮ್ಮವ್ವ ಬೈದ್ಲು,” ಎಂದರು. “ಅದಕ್ಕಿಂತ ಮೊದಲ ಪೊಲೀಸರ ಜೋಡಿ ಮಾತಾಡಿದೆ. ಅದಕ್ಕಿಂತ ಮೊದಲ ಮೆಂತೆ ಸೂಡು ಆರಿಸಿ ಬುಟ್ಟಿಯೊಳಗ ಹಾಕಿದೆ. ಆಗ ಚಪ್ಪಲಿ ಹಸಿ ಆತು. ರಸ್ತೆಮ್ಯಾಲೆ ನೀರಿತ್ತು.” ಕಣ್ಣು ಮುಚ್ಚಿಯೇ ತಲೆಯಾಡಿಸಿದರು. “ಇಡ್ಲಿ ಅಂಗಡಿ ನೀರಲ್ಲ ಅದು. ಅದು ಆ ಕಡೆ. ಇದು ಗೆರಿ ಹೊಡದಂಗ ಇತ್ತು, ಬುಟ್ಟಿ ಬಿದ್ದಲ್ಲಿಂದ ತಿರುವಿನ ತನಕ. ಯಾವುದೋ ಗಾಡಿಯಿಂದ ಸೋರಿದ್ದು.”

ನಾನು ಹಾಳೆಯ ಮೇಲಿಂದ ಕಣ್ಣೆತ್ತಲಿಲ್ಲ.

“ಅದಕ್ಕಿಂತ ಮೊದಲ ಅಜ್ಜಿನ್ನ ಎಬ್ಬಸಿದೆ. ಅದಕ್ಕಿಂತ ಮೊದಲ ಓಡಿ ಬಂದೆ. ಅದಕ್ಕಿಂತ ಮೊದಲ ತಿರುಗಿ ನೋಡಿದೆ. ಅಜ್ಜಿ ಕೆಳಗ ಬಿದ್ದಿದ್ಲು, ಪಲ್ಯೆ ಎಲ್ಲಾ ಚೆಲ್ಲಿತ್ತು. ಅದಕ್ಕಿಂತ ಮೊದಲ ಸಪ್ಪಳ ಆತು, ಧಡ್ ಅಂತ. ಅದಕ್ಕಿಂತ ಮೊದಲ…” ಅಪ್ಪನ ಹುಬ್ಬು ಗಂಟಿಕ್ಕಿತು. “ಅದಕ್ಕಿಂತ ಮೊದಲ ನಾ ಆ ಕೋಚಿಂಗ್ ಸೆಂಟರಿನ ಬೋರ್ಡ್ ಓದಾಕತ್ತಿದ್ದೆ. ಪಾಸಾದವ್ರ ಶೇಕಡಾ ಲೆಕ್ಕ ಬರದಾರಲ್ಲ, ಅದು ಕೂಡವಲ್ದಾಗಿತ್ತು. ಎಲ್ಲೆ ತಪ್ಪ್ಯಾರಂತ ಮನಸ್ಸಿನ್ಯಾಗ ಬಿಡಸಾಕತ್ತಿದ್ದೆ.”

ಆ ಬೋರ್ಡು ನನಗೆ ಗೊತ್ತು. ಗೋಡೆಯ ಕಡೆ ಮುಖ ಮಾಡಿ ನಿಂತರೆ ಮಾತ್ರ ಓದಬಹುದು. ರಸ್ತೆ ಆಗ ಬೆನ್ನ ಹಿಂದೆ.

ಅಪ್ಪನ ತುಟಿ ಮಾತ್ರ ಅಲುಗುತ್ತಿತ್ತು. ಲೆಕ್ಕವನ್ನು ತಾಳೆ ನೋಡುವಾಗ ಅವರು ಹಾಗೇ ಮಾಡುತ್ತಾರೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎರಡು ಸಲ ಹೋಗಿ ಬಂದರು ಅಂತ ಕಾಣುತ್ತದೆ. ಆಮೇಲೆ ಕಣ್ಣು ತೆರೆದರು.

“ಆಟೋ ಬರವಲ್ದು,” ಎಂದರು.

ನಾನು ಕೈಗಳನ್ನು ತೊಡೆಯ ಕೆಳಗೇ ಇಟ್ಟುಕೊಂಡಿದ್ದೆ.

“ಮುಂದಿಂದ ಹೇಳೂವಾಗ ಬರತೈತಿ. ಹಿಂದಿಂದ ಬಂದ್ರ ಆಟೋಕ್ಕ ಜಾಗಾನ ಇಲ್ಲ. ಸಪ್ಪಳ ಮೊದಲ, ನೋಡಿದ್ದು ಆಮ್ಯಾಲೆ. ನವಿಲು… ಅದನ್ನ ನಾ ದಿನಾ ನೋಡತೇನಿ. ಸ್ಟ್ಯಾಂಡಿನ್ಯಾಗ, ವಾಕಿಂಗ್ ಹೋಗೂವಾಗ.” ಕುರ್ಚಿಯ ಕೈ ಹಿಡಿದುಕೊಂಡು ಮೆಲ್ಲಗೆ ಮುಂದಕ್ಕೆ ಬಾಗಿದರು. “ನಾ ಏನೂ ನೋಡಿಲ್ಲವಾ. ಅವರು ಕೇಳಿದ್ರು. ಮುದುಕಿಗೆ ನ್ಯಾಯ ಸಿಗಲಿ ಅಂತ ಹೇಳಿಬಿಟ್ಟೆ.”

ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನನಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಹೋಗಿ ಅವರ ಮಫ್ಲರನ್ನು ಸುಮ್ಮನೆ ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

ರೆಕಾರ್ಡಿಂಗ್ ಕೇಳಿದ ಗೈಡ್ ಸರ್, ಎರಡು ಕಡೆ ನಾನು ಹೂಂ ಎಂದದ್ದು ಸ್ವಲ್ಪ ಹೆಚ್ಚಾಯಿತು ಎಂದರು. ಆದರೆ ಆಟೋದ ಮಾತು ಬಂದಲ್ಲಿ ನಾನು ಎಳೆದೂ ಇಲ್ಲ, ನೂಕಿಯೂ ಇಲ್ಲ ಎಂದು ಒಪ್ಪಿದರು. ಇದನ್ನು ಪ್ರಬಂಧದಲ್ಲಿ ಸೇರಿಸುವ ಹಾಗಿಲ್ಲ, ಕ್ಯಾಮೆರಾ ಇರದ ಘಟನೆಯಲ್ಲಿ ಖರೆ ಯಾವುದು ಎಂದು ಅಳೆಯುವುದು ಹೇಗೆ ಎಂದೂ ಹೇಳಿದರು. ಅವರ ಮಾತು ಸರಿ. ಕಣ್ಣು ಮುಚ್ಚಿ ಹೇಳಿದ್ದೆಲ್ಲ ನಿಜ ಎಂದು ನಾನೂ ಎಲ್ಲಿಯೂ ಬರೆದಿಲ್ಲ. ನಮ್ಮ ಪದ್ಧತಿಯಲ್ಲೂ ತಪ್ಪು ನೆನಪುಗಳು ಬಂದವು, ಪಟ್ಟಿಯ ಪ್ರಶ್ನೆಗಳಲ್ಲೂ ಸರಿ ಉತ್ತರಗಳು ಬಂದವು. ಒಟ್ಟಿನಲ್ಲಿ ಬಾಯಿ ಮುಚ್ಚಿ ಕೇಳಿದಾಗ ಹೆಚ್ಚು ಸಿಕ್ಕಿತು ಎನ್ನುವಷ್ಟನ್ನು ಮಾತ್ರ ಧೈರ್ಯವಾಗಿ ಬರೆದೆ.

ಆ ಶುಕ್ರವಾರ ಮಧ್ಯಾಹ್ನವೇ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಠಾಣೆಗೆ ಹೊರಟರು. ಜೊತೆಗೆ ನಾನು. ಹಿಂದಿನ ಹೇಳಿಕೆ ಬರೆದುಕೊಂಡಿದ್ದ ಹವಾಲ್ದಾರರೇ ಇದ್ದರು. ಅಪ್ಪನಿಗೆ ಕುರ್ಚಿ ಹಾಕಿಸಿ, ಪೆನ್ನು ಹಿಡಿದು ಕೂತರು.

“ಗಾಡಿ ಬಣ್ಣರೀ, ಸರ್?”

“ಗೊತ್ತಿಲ್ಲ.”

“ಆಟೋನ ಹೌದಲ್ರಿ?”

“ಗೊತ್ತಿಲ್ಲ.”

“ಡ್ರೈವರ್ ಮುಖ?”

“ಗೊತ್ತಿಲ್ಲರಿ,” ಎಂದರು ಅಪ್ಪ. ಆ ಮೂರನೆಯದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು. “ನಾ ಗ್ವಾಡಿ ಕಡೆ ಮುಖಾ ಮಾಡಿ ನಿಂತಿದ್ದೆ. ಗೊತ್ತಿರೂದು ಎರಡ ಮಾತು. ಒಂದು, ಸಪ್ಪಳ. ಎರಡು, ರಸ್ತೆಮ್ಯಾಲಿನ ನೀರಿನ ಗೆರಿ. ಅಷ್ಟ ಬರಕೋರಿ.”

ಹವಾಲ್ದಾರರು ಪೆನ್ನು ಕೆಳಗಿಟ್ಟರು. “ಮತ್ತ ಅವತ್ತ ಯಾಕ ಹಂಗ ಹೇಳಿದ್ರಿ, ಸರ್?” ಬೈಯುವ ದನಿಯಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ.

“ಗೊತ್ತಿಲ್ಲ ಅನ್ನಾಕ ನಾಚಿಕಿ ಆತ್ರಿ,” ಎಂದರು ಅಪ್ಪ.

ಹವಾಲ್ದಾರರು ಒಂದು ಕ್ಷಣ ಅವರನ್ನೇ ನೋಡಿ, ಮತ್ತೆ ಪೆನ್ನು ಎತ್ತಿ ಬರೆದುಕೊಂಡರು.

ಆ ನೀರಿನ ಗೆರೆ ಕೆಲಸಕ್ಕೆ ಬಂತು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ನೀರಿನ ಕ್ಯಾನು ಹಾಕುವ ಸಣ್ಣ ಗೂಡ್ಸ್ ಗಾಡಿಯೊಂದು ದಿನವೂ ಬರುತ್ತಿತ್ತು. ಅದರ ಡ್ರೈವರನ್ನು ಪೊಲೀಸರು ವಿಚಾರಿಸಿದಾಗ, ಏನೋ ಸದ್ದಾಯಿತು, ಕ್ಯಾನು ಉರುಳಿತು ಎಂದುಕೊಂಡೆ ಎಂದು ಒಪ್ಪಿಕೊಂಡ. ಬುಟ್ಟಿಯ ನಾರು ಗಾಡಿಯ ಬದಿಗೆ ಇನ್ನೂ ಸಿಕ್ಕಿಕೊಂಡಿತ್ತಂತೆ. ಅಜ್ಜಿಯನ್ನು ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಓಡಾಡಿದವನು ಅವನೇ. ತಿಂಗಳೊಪ್ಪತ್ತಿನಲ್ಲಿ ಅಜ್ಜಿ ಮತ್ತೆ ನಮ್ಮ ಓಣಿಗೆ ಬಂದು, ರಾಜಗಿರಿ ಸೊಪ್ಪಿನ ಸೂಡಿಗಾಗಿ ಅವ್ವನ ಜೊತೆ ಚೌಕಾಶಿ ನಡೆಸಿದಳು.

ಆಟೋ ಬಿಟ್ಟುಕೊಡುವ ದಿನ ಅಪ್ಪ ಒಂದು ಸಹಿ ಹಾಕಬೇಕಿತ್ತು. ನಾವು ಹೋದಾಗ ಆಟೋ ಡ್ರೈವರ್ ಠಾಣೆಯ ಅಂಗಳದಲ್ಲಿ ಗಾಡಿಯ ಧೂಳು ಒರೆಸುತ್ತಿದ್ದ. ಅಪ್ಪನನ್ನು ನೋಡಿದ್ದೇ ಬಟ್ಟೆ ಹೆಗಲಿಗೆ ಹಾಕಿಕೊಂಡು ನಿಂತ. “ಸರ್, ನನ್ನ ಮ್ಯಾಲೆ ಸಿಟ್ಟಿಲ್ಲಲ್ರಿ?” ಎಂದು ಕೇಳಿದ. ಯಾರ ಮೇಲೆ ಯಾರು ಸಿಟ್ಟಾಗಬೇಕಿತ್ತು ಎಂದು ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

“ತಮ್ಮಾ, ತಪ್ಪು ನಂದು,” ಎಂದರು ಅಪ್ಪ. “ನೋಡಿರಲಿಲ್ಲ. ನೋಡೇನಿ ಅಂತ ಹೇಳಿದೆ.” ನಡುವೆ ಏನನ್ನೂ ಸೇರಿಸದೆ, ಕರಿಹಲಗೆಯ ಮೇಲೆ ಲೆಕ್ಕ ತಿದ್ದುವ ಹಾಗೆ ಹೇಳಿದರು.

ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. “ಹಂಗ ಅನಬ್ಯಾಡ್ರಿ ಸರ್. ಕೂಡ್ರಿ, ಮನೀಗೆ ಬಿಡತೇನಿ,” ಎಂದು ಗಾಡಿ ಚಾಲೂ ಮಾಡಿದ. ನಾವು ಹಿಂದೆ ಕೂತೆವು. ಗಾಡಿ ದೊಡ್ಡ ರಸ್ತೆಗೆ ಬಂತು. ಆಮೇಲೆ ಅಪ್ಪ ಮುಂದಕ್ಕೆ ಬಾಗಿ, “ಅವತ್ತ ಮುಂಜಾನಿ ನೀ ಎಲ್ಲಿದ್ದಿ?” ಎಂದು ಕೇಳಿದರು.

ನನ್ನ ಮುಖ ಬಿಸಿಯಾಯಿತು. ಎರಡು ವರ್ಷ ಪ್ರಶ್ನೆ ಕೇಳುವುದನ್ನೇ ಅಭ್ಯಾಸ ಮಾಡಿದ ನಾನು, ಅವನು ನಮ್ಮ ಪಡಸಾಲೆಯಲ್ಲಿ ಕೈಕಟ್ಟಿ ನಿಂತಿದ್ದಾಗ ಇದನ್ನು ಕೇಳಿರಲಿಲ್ಲ.

“ಬೈರಿದೇವರಕೊಪ್ಪದಾಗ ಇದ್ದೆ ಅಂತ ಠಾಣೆದಾಗ ಹೇಳಿದ್ನಿರಿ,” ಎಂದ. “ತಂಗಿ ಮನೀಗೆ ಹೋಗಿದ್ದೆ ಅಂದೆ. ತಂಗಿ ಅಂದ್ಮ್ಯಾಲೆ ನಿನ್ನ ಕಡೆನ ಹೇಳತಾಳ ಬಿಡು ಅಂದ್ರು. ಅಲ್ಲಿಗೆ ಮುಗೀತ್ರಿ.”

“ಈಗ ಹೇಳು,” ಎಂದರು ಅಪ್ಪ.

ಅವನು ಕನ್ನಡಿಯಲ್ಲಿ ಅಪ್ಪನ ಮುಖ ಒಮ್ಮೆ ನೋಡಿ ಸುರುಮಾಡಿದ. ಬಾಣಂತನ ಮುಗಿದಿತ್ತು, ಅವತ್ತು ತಂಗಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುವುದಿತ್ತು. ಸೂರ್ಯ ಮೂಡುವುದರೊಳಗೆ ಹೊರಡಬೇಕೆಂದು ಅವರ ಅವ್ವ ಹಟ ಹಿಡಿದಿದ್ದಳು. ಹೊರಟ ಮೇಲೆ ತೊಟ್ಟಿಲ ಹಗ್ಗ ಮರೆತದ್ದು ನೆನಪಾಗಿ ತಿರುಗಿ ಬಂದರು. ಸೀಟಿನ ಮೇಲೆ ಎರಡು ಕೌದಿ ಹಾಸಿದ್ದ. “ರಸ್ತೆದಾಗ ಒಂದ ಕುಣಿ ಬಂದ್ರೂ ಕೂಸು ಎದ್ದೀತಂತ ಎಷ್ಟ ಸಾವಕಾಶ ಹೋದೆ ಅಂದ್ರ ಸರ್, ಸೈಕಲ್‌ದವ್ರು ನನ್ನ ದಾಟಿ ಹೋದ್ರು,” ಎಂದು ತಾನೇ ನಕ್ಕ. ಅಷ್ಟೆಲ್ಲ ಮಾಡಿದರೂ ಕೂಸು ಎದ್ದೇಬಿಟ್ಟಿತು. ಅಳಲು ಬಾಯಿ ತೆರೆದಾಗ ಅವನು ಸುಮ್ಮನೆ ಹಾರನ್ ಒತ್ತಿದ. ಕೂಸು ನಕ್ಕಿತು. ಹುಟ್ಟಿದ ಮೇಲೆ ಅದು ಕೇಕೆ ಹಾಕಿ ನಕ್ಕದ್ದು ಅದೇ ಮೊದಲು. ನಿಲ್ಲಿಸಿದರೆ ಸುಮ್ಮನಾಗುತ್ತಿತ್ತು, ಒತ್ತಿದರೆ ಮತ್ತೆ ನಗುತ್ತಿತ್ತು. “ಬೈರಿದೇವರಕೊಪ್ಪ ಮುಟ್ಟೂತನಕ ಹೊಡಕೊಂತನ ಹೋದೆರಿ. ಮಂದಿ ಎಲ್ಲಾ ಬೈದ್ರು. ತಂಗಿ ನಕ್ಕ ನಕ್ಕ ಅತ್ಲು.”

ನಾನು ನಡುವೆ ಒಂದೂ ಮಾತು ಸೇರಿಸಲಿಲ್ಲ. ಅಪ್ಪನೂ ಸೇರಿಸಲಿಲ್ಲ. ಅವರ ಕೈ ಮುಂದಿನ ಸೀಟಿನ ಸರಳಿನ ಮೇಲೆ ಇತ್ತು, ಕಿವಿ ಅವನ ಮಾತಿನ ಮೇಲೆ.

ನಮ್ಮ ಮನೆ ಬಂತು. ಅವನು ಗಾಡಿ ಗೇಟಿನ ಹತ್ತಿರ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ. ಅಪ್ಪ ಇಳಿಯಲಿಲ್ಲ.

“ಮುಂದ ಹೇಳು,” ಎಂದರು.